ಗೆದ್ದ ಪದ, ನಂದ ಪದ

ಗೀಗೀ ಹಾಡುಗಾರ ಮುತ್ಯಾನ ಹಾಡಿನ ವಹಿಗೆ ಮೊದಲಿನ ರಟ್ಟು ಉಳಿದಿಲ್ಲ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಮಡಚಿ, ದಬ್ಬಣ ಹಾಕಿ, ಗೋಣಿದಾರದಿಂದ ಹೊಲಿದಿದ್ದಾರೆ. ಒಳಗೆ ನೀಲಿ ಮಸಿ, ಕಪ್ಪು ಮಸಿ, ನಡುನಡುವೆ ಮೊಮ್ಮಕ್ಕಳಿಂದ ಇಸಿದುಕೊಂಡ ಬಾಲ್‌ಪೆನ್ನು. ಪ್ರತಿ ಪದದ ಬದಿಯಲ್ಲಿ ಪಲ್ಲ, ಚಾಲ, ಏರು, ಇಳವು, ಕೂಡುಪಲ್ಲ ಎಂದು ಹಾಡಿನ ಭಾಗಗಳ ಗುರುತು. ಕಡೆಯ ನುಡಿಯಲ್ಲಿ ಗುರುವಿನ ಹೆಸರು, ಊರಿನ ಹೆಸರು. ಕೆಲವು ಪದಗಳ ತಲೆಯ ಮೇಲೆ ಕೆಂಪು ಪೆನ್ಸಿಲ್ಲಿನ ಗೆರೆಯಿದೆ. ಗೆರೆಯ ಪಕ್ಕದಲ್ಲಿ ಊರು: ತಾಂಬಾ, ಹೊರ್ತಿ, ಚಡಚಣ, ಆಲಮೇಲ, ದೇವರಹಿಪ್ಪರಗಿ. ಆಯಾ ಊರಿನ ಜಾತ್ರೆಯಲ್ಲಿ ಬೆಳತನಕ ನಡೆದ ಹಾಡಕಿಯಲ್ಲಿ ಎದುರು ಮೇಳದ ಬಾಯಿ ಕಟ್ಟಿದ ಪದಗಳು ಅವು.

ಇಂಡಿ ತಾಲ್ಲೂಕಿನ ನಮ್ಮೂರು ಸಾಲೋಟಗಿಯಲ್ಲಿ, ಅವರ ಪಡಸಾಲೆಯಲ್ಲಿ ಕುಳಿತು ಆ ವಹಿ ತಿರುವಿಹಾಕುತ್ತಿದ್ದಾಗ ನಾನು ಕೇಳಿದೆ: “ಮುತ್ಯಾ, ಇಷ್ಟು ಪದದಾಗ ನಿಮಗ ಭಾಳ ಪಸಂದ ಯಾವುದ್ರಿ?”

ಅವರು ಎಲೆಯಡಿಕೆ ಚೀಲದ ದಾರ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. “ಗೆದ್ದ ಪದ ಕೇಳ್ತೀಯೋ, ನಂದ ಪದ ಕೇಳ್ತೀಯೋ ತಮ್ಮಾ?”

ಎರಡೂ ಬೇರೆಬೇರೆ ಇರಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಮರುಪ್ರಶ್ನೆಯಿಂದ.

ನಮ್ಮ ಕಡೆಯ ಗೀಗೀ ಹಾಡಕಿಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಎರಡು ಮೇಳ. ಒಂದು ಹರದೇಶಿ, ಗಂಡು ಹೆಚ್ಚು ಎನ್ನುವುದು. ಇನ್ನೊಂದು ನಾಗೇಶಿ, ಹೆಣ್ಣು ಹೆಚ್ಚು ಎನ್ನುವುದು. ಕೈಯಲ್ಲಿ ಡಪ್ಪು, ಪಕ್ಕದಲ್ಲಿ ತುಂತುಣಿ, ತಾಳ, ಹಿಂದೆ ‘ಗೀಯ ಗೀಯ’ ಎಂದು ದನಿಗೂಡಿಸುವವರು. ಒಂದು ಮೇಳ ಪದದಲ್ಲೇ ಸವಾಲು ಹಾಕಿದರೆ ಇನ್ನೊಂದು ಪದದಲ್ಲೇ ಜವಾಬು ಕೊಡಬೇಕು. ವಾದಕ್ಕೆ ಬೇಕಾದ ಸರಂಜಾಮು ಎಲ್ಲ ಪುರಾಣದ್ದೇ. ಶಿವ ಪಾರ್ವತಿ, ರಾಮ ಸೀತೆ, ದ್ರೌಪದಿ, ಸತಿ ಅನಸೂಯೆ. ಆದರೆ ಪುರಾಣದಲ್ಲಿ ಇದ್ದಷ್ಟನ್ನೇ ಒಪ್ಪಿಸಿದರೆ ಯಾರೂ ಗೆಲ್ಲುವುದಿಲ್ಲ. ಅದನ್ನು ಎದುರಿನವರೂ ಓದಿರುತ್ತಾರೆ. ಪುರಾಣ ಹೇಳದೆ ಬಿಟ್ಟ ಸಂದಿಯಲ್ಲಿ ಕೈಹಾಕಿ ಹೊಸದೊಂದು ಸಂಗತಿ ಎಳೆದು ತಂದವನಿಗೇ ಜನ ಸಿಳ್ಳು ಹೊಡೆಯುವುದು. ಇನ್ನೊಬ್ಬರ ಪಾತ್ರ, ತನ್ನ ಕಥೆ. ಹರೆಯದವರು ಇಂದು ಫ್ಯಾನ್ ಫಿಕ್ಷನ್ ಎಂದು ಕರೆಯುವುದನ್ನು ಭೀಮೆಯ ದಂಡೆಯ ಹಾಡುಗಾರರು ತಲೆಮಾರುಗಳಿಂದ ಡಪ್ಪು ಬಡಿದು ಮಾಡುತ್ತ ಬಂದಿದ್ದಾರೆ.

ಮುತ್ಯಾ ಹರದೇಶಿಯವರು. ಜೀವಮಾನವಿಡೀ ಗಂಡಿನ ಪಕ್ಷ ಹಿಡಿದು ಹಾಡಿದವರು. ಕೆಂಪು ಗೆರೆ ಬಿದ್ದ ಪದಗಳೆಲ್ಲ ಆ ಪಕ್ಷದ ಗೆಲುವುಗಳೇ. ಅವರು ‘ನಂದ ಪದ’ ಎಂದು ತೆರೆದು ತೋರಿಸಿದ ಹಾಳೆಯ ಮೇಲೆ ಕೆಂಪು ಗೆರೆ ಇರಲಿಲ್ಲ. ಅದು ಗಾಂಧಾರಿಯ ಪದ. ದುರ್ಯೋಧನ ಹುಟ್ಟಿದ ರಾತ್ರಿ. ಸೂಲಗಿತ್ತಿ ಹೊರಗೆ ಹೋಗಿದ್ದಾಳೆ, ದೀಪ ಸಣ್ಣಗೆ ಉರಿಯುತ್ತಿದೆ. ಗಾಂಧಾರಿ ಕಣ್ಣಿನ ಬಟ್ಟೆಯನ್ನು ಒಂದೇ ಒಂದು ಗಳಿಗೆ ಸರಿಸಿ ಕೂಸಿನ ಮುಖ ನೋಡುತ್ತಾಳೆ. ಮತ್ತೆ ಕಟ್ಟಿಕೊಳ್ಳುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಲೋಕವೆಲ್ಲ ಆಕೆಯನ್ನು ಮಹಾ ಪತಿವ್ರತೆ ಎಂದು ಹಾಡಿ ಹೊಗಳುವಾಗ ಆಕೆಯೊಬ್ಬಳಿಗೇ ಗೊತ್ತು, ವ್ರತ ಒಂದು ಗಳಿಗೆ ಮುರಿದಿದೆ ಎಂದು. ಮಗ ತೊಡೆ ಮುರಿದು ಬಿದ್ದಾಗ ಆಕೆಗೆ ನೆನಪಾಗುವುದೂ ಆ ದೀಪದ ಬೆಳಕಿನಲ್ಲಿ ಕಂಡ ಮುಖವೇ.

ಈ ಕಥೆ ಭಾರತದಲ್ಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿ ಮಗನ ಮೈಯನ್ನು ವಜ್ರ ಮಾಡಿದಳೆಂಬ ಕಥೆ ನಮ್ಮ ಆಟಗಳಲ್ಲಿ ಉಂಟು. ಅದು ಯುದ್ಧದ ಕಥೆ. ಇದು ಬಾಣಂತಿಕೋಣೆಯ ಕಥೆ.

“ಹರದೇಶಿಯವ ಆಗಿ ಇದನ್ನ ಹಾಡಬಾರದಿತ್ತು,” ಎಂದರು ಮುತ್ಯಾ. “ಒಂದ ಸಲ ಹಾಡಿದೆ. ನಾಗೇಶಿಯವರು ಎದ್ದು ನಿಂತು, ನಮ್ಮ ಮಾತ ನೀವ ಆಡಿದ್ರಿ, ಇನ್ನ ನಮಗೇನು ಕೆಲಸ ಅಂದ್ರು. ಜನ ನಕ್ಕರು. ಅವತ್ತ ನಾ ಸೋತೆ.”

ಸೋತ ಪದವೇ ಅವರ ಪದ.

ಈ ಮಾತು ಕೇಳಿದಂದಿನಿಂದ ನನ್ನ ತಲೆ ಮತ್ತೆಮತ್ತೆ ಪಂಪನ ಕಡೆ ಹೋಗುತ್ತಿದೆ. 941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಮುಗಿಸಿದ. ಬರೆಸಿದವನು ವೇಮುಲವಾಡದ ಅರಿಕೇಸರಿ. ಕಟ್ಟಳೆ ಸ್ಪಷ್ಟವಿತ್ತು. ಅರಿಕೇಸರಿಯೇ ಅರ್ಜುನ, ಅರ್ಜುನನೇ ನಾಯಕ. ಪಂಪ ಆ ಕಟ್ಟಳೆಯನ್ನು ನಿಷ್ಠೆಯಿಂದ ಪಾಲಿಸಿದ. ದ್ರೌಪದಿಯನ್ನು ಐವರ ಹೆಂಡತಿಯಾಗಿ ಇಡದೆ ಅರ್ಜುನನೊಬ್ಬನಿಗೇ ಕೊಟ್ಟ. ಕಡೆಯಲ್ಲಿ ಪಟ್ಟವನ್ನೂ ಧರ್ಮರಾಯನಿಗಲ್ಲ, ಅರ್ಜುನನಿಗೆ ಸುಭದ್ರೆಯ ಜೊತೆಗೆ ಕಟ್ಟಿಸಿದ. ವ್ಯಾಸರ ಕಥೆಯನ್ನು ಇಷ್ಟು ಧೈರ್ಯದಿಂದ ತಿರುಗಿಸಿದ ಕವಿ ತನ್ನ ಒಡೆಯನಿಗೆ ಇನ್ನೇನು ಕೊಡಬೇಕು? ಆದರೆ ಕರ್ಣ ಸಾಯುವ ಹೊತ್ತಿಗೆ ಅದೇ ಕವಿ ಓದುಗನ ಕೈಹಿಡಿದು ಅಣ್ಣಾ ಎಂದು ಕರೆದು ಹೇಳುತ್ತಾನೆ: ಭಾರತದಲ್ಲಿ ಒಬ್ಬನನ್ನು ಮನಸಾರೆ ನೆನೆಯುವುದಿದ್ದರೆ ಬೇರೆ ಯಾರನ್ನೂ ನೆನೆಯಬೇಡ, ಕರ್ಣನನ್ನು ನೆನೆ. ಸಂಬಳ ಅರ್ಜುನನಿಗೆ, ಮನಸ್ಸು ಕರ್ಣನಿಗೆ.

ಕಾವ್ಯದ ಕೊನೆಗೆ ಬಂದಾಗ ಪಂಪ ಇನ್ನೂ ಒಂದು ಕೆಲಸ ಮಾಡುತ್ತಾನೆ. ತಾನು ಆಡಿಸಿದ ಪಾತ್ರಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾರು ಯಾವುದರಲ್ಲಿ ಮಿಗಿಲು ಎಂದು ಹೇಳುತ್ತಾನೆ. ಛಲಕ್ಕೆ ದುರ್ಯೋಧನ, ನನ್ನಿಗೆ ಕರ್ಣ, ಕಲಿತನಕ್ಕೆ ಭೀಮ, ಬಿಲ್ಲಿಗೆ ದ್ರೋಣ, ಸಾಹಸಕ್ಕೆ ಅರ್ಜುನ, ಧರ್ಮಕ್ಕೆ ಧರ್ಮರಾಯ. ಬರೆದು ಮುಗಿಸಿದವನೊಬ್ಬ ತನ್ನ ಬರಹವನ್ನು ತಾನೇ ತೂಗಿ ನೋಡಿದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ ಉದಾಹರಣೆ ನನಗೆ ಕಂಡಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಸಾಲಿನಲ್ಲಿ ಮೊದಲು ಬರುವ ಹೆಸರು. ದುರ್ಯೋಧನ. ಅದರ ಬೆನ್ನಿಗೇ ಕರ್ಣ. ಅರ್ಜುನ ತನ್ನ ಸರದಿಗೆ ಕಾಯಬೇಕು.

ಮುಧೋಳದ ರನ್ನನ ಕಥೆಯೂ ಹೀಗೆಯೇ, ಇನ್ನೂ ಗಾಢವಾಗಿ. ಬಳೆಗಾರರ ಮನೆಯ ಹುಡುಗ, ಚಾಲುಕ್ಯರ ಆಸ್ಥಾನಕ್ಕೆ ಏರಿದವನು. ಒಡೆಯ ಸತ್ಯಾಶ್ರಯನನ್ನು ಭೀಮನೆಂದು ಹಾಡುವುದು ಅವನಿಗೆ ಬಿದ್ದ ಕಟ್ಟಳೆ. ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂದೇ ಹೆಸರಿಟ್ಟ. ಪಂಪ ಒಂದು ಆಶ್ವಾಸದಲ್ಲಿ ಹೇಳಿದ್ದನ್ನು ಹಿಗ್ಗಿಸಿ ಇಡೀ ಕಾವ್ಯ ಮಾಡಿದ. ಆದರೆ ಹೆಣಗಳನ್ನು ದಾಟುತ್ತ ಕುರುಕ್ಷೇತ್ರದಲ್ಲಿ ನಡೆಯುವ ದುರ್ಯೋಧನನನ್ನು ಓದಿದವರು ಭೀಮನನ್ನು ಎಲ್ಲಿ ನೆನಪಿಟ್ಟುಕೊಳ್ಳಬೇಕು? ದ್ರೋಣನ ಮುಂದೆ ನಿಲ್ಲುತ್ತಾನೆ. ತಮ್ಮ ದುಶ್ಶಾಸನನ ಮುಂದೆ, ಮಗ ಲಕ್ಷಣಕುಮಾರನ ಮುಂದೆ, ಕರ್ಣನ ಮುಂದೆ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಆ ಹುಡುಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ರನ್ನ ಇಟ್ಟ ಹೆಸರನ್ನು ಜನ ಬದಿಗಿಟ್ಟು ‘ಗದಾಯುದ್ಧ’ ಎಂದೇ ಕರೆದರು. ಪಂಪ ತನ್ನ ಒಲವನ್ನು ಒಂದು ಪದ್ಯದಲ್ಲಿ ಬಾಯಿಬಿಟ್ಟು ಹೇಳಿದ, ರನ್ನ ಅದನ್ನು ಕಾವ್ಯದ ಮೈಯೊಳಗೇ ಹೊಲಿದುಬಿಟ್ಟ. ನನಗೆ ರನ್ನನ ದಾರಿಯೇ ಹೆಚ್ಚು ಹಿಡಿಸುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮೂರಿನ ಕಲ್ಲಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಂಪ ಭಾರತ ಮುಗಿಸಿದ ನಾಲ್ಕೇ ವರ್ಷಕ್ಕೆ, ಶಕ 867ರಲ್ಲಿ, ಅಂದರೆ 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ಆಗ ಊರಿನ ಹೆಸರು ಪಾವಿಟ್ಟಗೆ. ದೂರದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿದುಕೊಳ್ಳಲು 27 ಮನೆಗಳಿದ್ದವು ಎಂದು ಸಾಲೋಟಗಿಯ ಕಂಬದ ಶಾಸನ ಹೇಳುತ್ತದೆ. ಮದುವೆ, ಉಪನಯನಗಳಾದಾಗ ಊರವರು ಶಾಲೆಗೆ ಇಂತಿಷ್ಟು ಕಾಣಿಕೆ ಕೊಡಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ನಾವು ಸಣ್ಣವರಿದ್ದಾಗ ಶಿವಯೋಗೇಶ್ವರ ಗುಡಿಯ ಕಟ್ಟೆಯ ಮೇಲೆ ಕುಳಿತು ದೊಡ್ಡವರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಮಾತ್ರ ಆ 27 ಮನೆಗಳ ಸಂಜೆಯ ಮೇಲೆಯೇ ಕಣ್ಣು. ಪಾಠ ಮುಗಿದ ಮೇಲೆ, ಎಣ್ಣೆ ದೀಪದ ಸುತ್ತ, ಮನೆ ಬಿಟ್ಟು ಬಂದ ಹುಡುಗರು ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳದೆ ಇದ್ದಾರೆಯೇ?

ಅದೇ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಪೊನ್ನನಿದ್ದ. ಅವನು ರಾಮಕಥೆಯನ್ನು ‘ಭುವನೈಕರಾಮಾಭ್ಯುದಯ’ ಎಂದು ಹೇಳಿದ. ಅದು ಕಳೆದುಹೋಯಿತು. ‘ಶಾಂತಿಪುರಾಣ’ ಉಳಿಯಿತು. ಅತ್ತಿಮಬ್ಬೆ ಅದರ ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದು ನಮ್ಮ ಸಾಹಿತ್ಯ ಚರಿತ್ರೆಯ ಬಹುದೊಡ್ಡ ಸಂಗತಿ. ಸಾವಿರ ಓಲೆಕಟ್ಟು, ಒಂದೊಂದು ಅಕ್ಷರವೂ ಕಂಟದಿಂದ ಕೊರೆದದ್ದು. ಪೊನ್ನನನ್ನು ಕೇಳಿದ್ದರೆ ತನ್ನದು ಯಾವುದೆಂದು ಹೇಳುತ್ತಿದ್ದನೋ. ಆರಿಸಿದ್ದು ಮಾತ್ರ ಓದಿದವಳು, ಅವಳು ಆರಿಸಿದ್ದೇ ನಮ್ಮ ಕೈಗೆ ಬಂತು.

ಬರೆದವನನ್ನೇ ನೇರವಾಗಿ ಕೇಳಿದ ಪ್ರಸಂಗ ಇಂಗ್ಲೆಂಡಿನಲ್ಲಿ ನಡೆದಿದೆ. 1927ರಲ್ಲಿ ‘ಸ್ಟ್ರ್ಯಾಂಡ್’ ಮಾಸಿಕದವರು ಆರ್ಥರ್ ಕಾನನ್ ಡಾಯ್ಲ್ ಅವರಿಂದ ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ಅವರಿಗೆ ಮೆಚ್ಚುಗೆಯಾದ ಹನ್ನೆರಡನ್ನು ಆರಿಸಿಸಿದರು. ಗಂಟೆಯ ಹಗ್ಗದ ಮೇಲೆ ಹಾವು ಇಳಿದು ಬರುವ ‘ಸ್ಪೆಕಲ್ಡ್ ಬ್ಯಾಂಡ್’ ಕಥೆಗೆ ಮೊದಲ ಸ್ಥಾನ ಸಿಕ್ಕಿತು. ನಾಲ್ಕನೆಯದು ‘ಫೈನಲ್ ಪ್ರಾಬ್ಲಮ್’, ಹೋಮ್ಸ್‌ನ ಕಾಟ ಸಾಕಾಗಿ 1893ರಲ್ಲಿ ಅವನನ್ನು ಜಲಪಾತಕ್ಕೆ ತಳ್ಳಿ ಸಾಯಿಸಿದ ಕಥೆ. ಆರನೆಯದು ‘ಎಂಪ್ಟಿ ಹೌಸ್’, ಓದುಗರ ಒತ್ತಾಯಕ್ಕೆ ಮಣಿದು 1903ರಲ್ಲಿ ಅವನನ್ನು ಬದುಕಿಸಿ ತಂದ ಕಥೆ. ಕೊಂದ ಕಥೆಗೆ ಮೇಲಿನ ಮಣೆ, ಬದುಕಿಸಿದ್ದಕ್ಕೆ ಎರಡು ಮೆಟ್ಟಿಲು ಕೆಳಗೆ. ಸ್ವಂತ ಪಾತ್ರವೇ ಓದುಗರ ಸೊತ್ತಾಗಿ ಹೋದ ಮೇಲೆ ಬರೆದವನೂ ತನ್ನ ಕಥೆಗೆ ತಾನು ಹೊರಗಿನವನಾಗಿ ನಿಲ್ಲಬೇಕಾಗುತ್ತದೆ.

ನಮ್ಮ ನೆಲಕ್ಕೆ ಮರಳುತ್ತೇನೆ. ಇಂಡಿಯಿಂದ ಬಸ್ಸು ಹತ್ತಿದರೆ ಸೊಲ್ಲಾಪುರ ದೂರವಲ್ಲ. ನಮ್ಮವರಿಗೆ ಅದು ಸಂತೆಯೂ ಹೌದು, ದವಾಖಾನೆಯೂ ಹೌದು, ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಯೂ ಹೌದು. ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ ಆ ಸೊನ್ನಲಿಗೆಯ ಸಿದ್ಧರಾಮ ‘ಶೂನ್ಯಸಂಪಾದನೆ’ಯಲ್ಲಿ ಒಂದು ದೊಡ್ಡ ಪಾತ್ರ. ಆ ಗ್ರಂಥವನ್ನು ನಾನು ನೋಡುವುದು ಹೀಗೆ: ಹನ್ನೆರಡನೆಯ ಶತಮಾನದ ಶರಣರು ಆಡಿದ ವಚನಗಳನ್ನು, ಅವರು ಹೋಗಿ ಎಷ್ಟೋ ಕಾಲದ ಮೇಲೆ, ಅವರನ್ನು ಎದೆಯಲ್ಲಿಟ್ಟುಕೊಂಡವರು ಜೋಡಿಸಿ ಸಂಭಾಷಣೆ ಮಾಡಿದರು. ಅಲ್ಲಮ ಬಾಗಿಲಲ್ಲಿ ನಿಂತಿದ್ದಾನೆ, ಬಸವಣ್ಣ ಒಳಗಿದ್ದಾನೆ, ಚೆನ್ನಬಸವಣ್ಣ ನಡುವೆ ಓಡಾಡುತ್ತಾನೆ. ಮಾತು ಅವರದ್ದು, ದೃಶ್ಯ ಇವರದ್ದು. ಮೊದಲು ಕಟ್ಟಿದವರು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದನ್ನೇ ಮತ್ತೆ ಕಟ್ಟಿದರು.

ನಾಲ್ಕು ಸಲ ಯಾಕೆ? ಹಿಂದಿನವರು ಮಾಡಿದ್ದು ಸಾಲದು ಎನ್ನಿಸಿದ್ದಕ್ಕೆ. ಮೊದಲ ಸಂಪಾದನೆಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗುವುದಿಲ್ಲ. ಮುಂದೆ ಬಂದವರಿಗೆ ಅದನ್ನು ಸಹಿಸಲಾಗಲಿಲ್ಲ. ದೀಕ್ಷೆಯ ಪ್ರಸಂಗವನ್ನು ಸೇರಿಸಿಯೇಬಿಟ್ಟರು. ಪಂಡಿತರಿಗೆ ಇದು ತತ್ವದ ಜಗಳ. ನಾನು ಸೊಲ್ಲಾಪುರದ ಜಾತ್ರೆಗೆ ಹೋಗಿ ಬರುವ ಊರಿನವನು, ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ತಾವು ಪ್ರೀತಿಸಿದ ಒಬ್ಬನನ್ನು ಕಥೆ ಬಾಗಿಲಲ್ಲೇ ನಿಲ್ಲಿಸಿದೆ ಎಂದು ಅವರಿಗೆ ಅನ್ನಿಸಿತು. ಒಳಗೆ ಕರೆದುಕೊಂಡರು.

ಮುತ್ಯಾನ ‘ನಂದ ಪದ’ದ ಗುಟ್ಟು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಇನ್ನೊಬ್ಬರ ಪಾತ್ರ ಹಿಡಿದು ಬರೆಯುವವರು ಹತ್ತು ಕಥೆ ಬರೆದಿರಲಿ, ನೂರು ಬರೆದಿರಲಿ, ಕಡೆಗೆ ಬೆರಳಿಟ್ಟು ತೋರಿಸುವುದು ಮೂಲ ಕಥೆ ಕೊಡದೆ ಉಳಿಸಿಕೊಂಡದ್ದನ್ನು ಆ ಪಾತ್ರಕ್ಕೆ ತಾವು ಕೊಟ್ಟ ಜಾಗವನ್ನು. ಗಾಂಧಾರಿಗೆ ಮಗನ ಮುಖ. ಕರ್ಣನಿಗೆ ನೆನಪು. ದುರ್ಯೋಧನನಿಗೆ ಅಳಲು ಬಿಡುವು. ಸಿದ್ಧರಾಮನಿಗೆ ಲಿಂಗ.

ನನ್ನದೂ ಒಂದಿದೆ, ಹೇಳುತ್ತೇನೆ. ‘ಬಂಗಾರದ ಮನುಷ್ಯ’ ಬಂದದ್ದು 1972ರಲ್ಲಿ. ನಾನು ಅದನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಜಾತ್ರೆಗೆ ಬಂದ ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಟವೆಲ್ಲು ಹಾಸಿಕೊಂಡು. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ ಎಂಬುದೆಲ್ಲ ಆಮೇಲೆ ತಿಳಿದದ್ದು. ಅಂದು ತಿಳಿದದ್ದು ಇಷ್ಟೇ: ಬಂಡೆ ಒಡೆದು ಬರಡು ನೆಲಕ್ಕೆ ನೀರು ತಂದ ರಾಜೀವಪ್ಪ, ಹೆಂಡತಿಯನ್ನು ಕಳೆದುಕೊಂಡ ರಾಜೀವಪ್ಪ, ತಾನೇ ಬೆಳೆಸಿದ ಸೋದರಳಿಯನ ಮಾತಿಗೆ ನೊಂದು ಊರು ಬಿಟ್ಟು ಹೋಗುತ್ತಾನೆ. ತಿರುಗಿ ಬರುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೋದದ್ದಾದರೂ ಎಲ್ಲಿಗೆ?

ಶಾಲೆಯ ಇನ್ನೂರು ಪುಟದ ವಹಿಯಲ್ಲಿ ನಾನು ಮುಂದಿನ ಕಥೆ ಬರೆದೆ. ಒಂದಲ್ಲ, ನಾಲ್ಕು. ರಾಜೀವಪ್ಪ ಇಂಡಿ ಸ್ಟ್ಯಾಂಡಿನಲ್ಲಿ ಬಸ್ಸು ಇಳಿದು ನಮ್ಮೂರಿಗೆ ನಡೆದು ಬರುತ್ತಾನೆ. ಒಂದರಲ್ಲಿ ನಮ್ಮ ಖುಷ್ಕಿ ಹೊಲದಲ್ಲಿ ಬಾವಿ ತೋಡಿ ಲಿಂಬಿ ಗಿಡ ಹಚ್ಚುತ್ತಾನೆ. ಒಂದರಲ್ಲಿ ಬಡ್ಡಿ ಸಾಹುಕಾರನ ಜೊತೆ ಮಾರಾಮಾರಿ. ಒಂದರಲ್ಲಿ ನಮ್ಮ ಶಾಲೆಯ ಬಾಯಿಯವರನ್ನು ಮದುವೆಯಾಗುತ್ತಾನೆ. ಗೆಳೆಯರೆಲ್ಲ ಮಾರಾಮಾರಿಯ ಕಥೆಯನ್ನು ಕಿತ್ತಾಡಿಕೊಂಡು ಓದಿದರು. ಅದರ ಹಾಳೆಗಳು ಬೆವರಿಗೆ ಮೆತ್ತಗಾಗಿ ಮೂಲೆ ಮುದುರಿಹೋಗಿವೆ. ನಾಲ್ಕನೆಯದನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ಅದರಲ್ಲಿ ಏನೂ ನಡೆಯುವುದಿಲ್ಲ. ರಾಜೀವಪ್ಪ ಬಿಸಿಲಲ್ಲಿ ನಡೆದು ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಾನೆ. ನಮ್ಮವ್ವ ಅವನ್ಯಾರೆಂದು ಗೊತ್ತಿಲ್ಲದೆ ಒಂದು ತಂಬಿಗೆ ನೀರು, ಎರಡು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಕೊಡುತ್ತಾಳೆ. ಅವನು ತಲೆಯೆತ್ತದೆ ಉಣ್ಣುತ್ತಾನೆ. ಕೈತೊಳೆದುಕೊಂಡು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಾನೆ. ಆ ವಹಿ ಇಂದಿಗೂ ನನ್ನ ಹತ್ತಿರ ಇದೆ. ತೆರೆದಾಗಲೆಲ್ಲ ನಾನು ನೋಡುವುದು ಆ ನಾಲ್ಕನೆಯದನ್ನೇ.

ನಮ್ಮ ಸೀಮೆಯ ಹೆಂಗಸರು ಈ ಕೆಲಸವನ್ನು ಕಾಗದ ಮಸಿ ಇಲ್ಲದೆ ಮಾಡಿದವರು. ಆಗ ಇಂಡಿ ತಾಲ್ಲೂಕಿಗೇ ಸೇರಿದ್ದ, ಈಗ ಚಡಚಣ ತಾಲ್ಲೂಕಿಗೆ ಹೋಗಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಎಂಬ ಗೆಳೆಯರು ಸೇರಿ ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಗಿ ಬಂತು. ಹಲಸಂಗಿಯ ಗೆಳೆಯರು ಆರಿಸಿದರು ಎಂದು ನಾವೆಲ್ಲ ಹೇಳುತ್ತೇವೆ, ಅದು ನಿಜ. ಆದರೆ ಅದಕ್ಕೂ ಮೊದಲು ಒಂದು ಆಯ್ಕೆ ನಡೆದಿರುತ್ತದೆ. ಹೊರಗಿನ ಗಂಡಸರು ಪೆನ್ನು ಹಿಡಿದು ಬಂದಾಗ ಯಾವ ಹಾಡು ಹೇಳಬೇಕು, ಯಾವುದನ್ನು ಕಲ್ಲಿನೊಳಗೇ ಇಟ್ಟುಕೊಳ್ಳಬೇಕು ಎಂದು ಬೀಸುವವಳು ತೀರ್ಮಾನಿಸಿರುತ್ತಾಳೆ. ಆಕೆ ಹೇಳದೆ ಬಿಟ್ಟ ಹಾಡುಗಳಲ್ಲಿ ಸೀತೆ ತವರಿಗೆ ಹೇಗೆ ಹೋಗಿ ಬಂದಿದ್ದಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದೇ ಹಲಸಂಗಿಯ ಲಾವಣಿಕಾರ ಖಾಜಾಭಾಯಿ. ನಮ್ಮಲ್ಲಿ ಕಥೆಗೆ ಜಾತಿಯ ಬೇಲಿ ಹಾಕಿದವರು ಕಡಿಮೆ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನ ಹುಡುಗರು ಕೂಡಿಯೇ ಕನ್ನಡದಲ್ಲಿ ರಿವಾಯತ್ ಹಾಡುತ್ತಾರೆ. ಕರ್ಬಲದ ಬಯಲಿನಲ್ಲಿ ಮದುಮಗ ಕಾಸಿಮ ನಮ್ಮೂರ ಮದುಮಗನ ಹಾಗೆಯೇ ಯುದ್ಧಕ್ಕೆ ಹೊರಡುತ್ತಾನೆ.

ನನ್ನ ಅಕ್ಕನ ಮಗಳು ಇಂಡಿಯ ಕಾಲೇಜಿನಲ್ಲಿ ಓದುತ್ತಾಳೆ. ಟಿ.ವಿ. ಧಾರಾವಾಹಿಯೊಂದರ ಪಾತ್ರಗಳನ್ನು ಇಟ್ಟುಕೊಂಡು ಮೊಬೈಲಿನಲ್ಲೇ ಹೆಬ್ಬೆರಳಿನಿಂದ ಕಥೆ ಬರೆಯುತ್ತಾಳೆ. ಅರವತ್ತಕ್ಕೂ ಹೆಚ್ಚು ಕಂತು ಆಗಿವೆ. ನಾಯಕ ನಾಯಕಿಯ ಪ್ರೀತಿಯ ಕಂತುಗಳಿಗೆ ಓದುಗರು ಹೆಚ್ಚು. ಮುತ್ಯಾನ ಮಾತು ನನ್ನ ತಲೆಯಲ್ಲಿತ್ತಲ್ಲ, ಆಕೆಯನ್ನೂ ಕೇಳಿದೆ. ಧಾರಾವಾಹಿಯಲ್ಲಿ ಯಾರಿಗೆ ಅನ್ಯಾಯವಾಗಿದೆಯೋ ಅವರ ಕಂತನ್ನೇ ತೋರಿಸುತ್ತಾಳೆ ಎಂದು ಕಾದೆ.

ಆಕೆ ತೆರೆದದ್ದು ಮೂರನೆಯ ಕಂತು. ಅದರಲ್ಲಿ ಬಿರುಸು ಬಾಯಿಯ ಅತ್ತೆಗೆ ಓದಲು ಬರುವುದಿಲ್ಲ. ಅದು ಮನೆಯಲ್ಲಿ ಯಾರಿಗೂ ತಿಳಿಯದು. ಸೊಸೆ ಬರೆದಿಟ್ಟು ಹೋದ ಚೀಟಿಯನ್ನು ತಲೆಕೆಳಗಾಗಿ ಹಿಡಿದು, ಎಲ್ಲರೆದುರು ಓದಿದವಳ ಹಾಗೆ ತಲೆಯಾಡಿಸುತ್ತಾಳೆ. ಕಂತಿನ ತುಂಬ ಕಾಗುಣಿತದ ತಪ್ಪುಗಳಿವೆ. ಓದಿದವರು ಬೆರಳೆಣಿಕೆಯಷ್ಟು.

“ಇದ್ಯಾಕ?” ಎಂದೆ.

“ಇದನ್ನ ಆಯಿಗೆ ಓದಿ ಹೇಳಿದ್ದೆ ಮಾಮಾ. ಮೊದಲ ನಕ್ಕಳು. ಆಮ್ಯಾಲ ಸೆರಗ ಬಾಯಿಗೆ ಹಚ್ಚಿಕೊಂಡು ಅತ್ತಳು. ಮರುದಿನ ಬಂದು ತನ್ನ ಹೆಸರು ಬರೆಯೋದು ಕಲಸು ಅಂದಳು.”

ಆಕೆಯ ಆಯಿ ಎಂದರೆ ನನ್ನ ತಾಯಿ. ರಾಜೀವಪ್ಪನಿಗೆ ರೊಟ್ಟಿ ಕೊಟ್ಟವಳು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಮುಖ ಅತ್ತ ತಿರುಗಿಸುತ್ತಿದ್ದದ್ದು ನನಗೆ ಗೊತ್ತಿತ್ತು. ಯಾಕೆಂದು ನಾನು ಕೇಳಿರಲಿಲ್ಲ. ನಾನು ಕಟ್ಟಿಕೊಂಡಿದ್ದ ತರ್ಕ ಅಲ್ಲಿ ಪೂರ್ತಿ ನಿಲ್ಲಲಿಲ್ಲ. ಪಾತ್ರಕ್ಕೆ ಏನು ಕೊಟ್ಟೆವು ಎಂಬುದಷ್ಟೇ ಲೆಕ್ಕವಲ್ಲ. ಕೇಳಿಸಿಕೊಂಡವರು ಯಾರು, ಕೇಳಿ ಏನು ಮಾಡಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹೋದ ವಾರ ಮತ್ತೆ ಮುತ್ಯಾನ ಮನೆಗೆ ಹೋಗಿದ್ದೆ. ಮಬ್ಬುಗತ್ತಲಾಗಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮ ಬರುತ್ತಿತ್ತು. ಗಾಂಧಾರಿಯ ಸಂಗತಿ ಹೊಳೆದದ್ದು ಹೇಗೆ ಎಂದು ಕೇಳಿದೆ. ಯಾವ ಪುರಾಣ, ಯಾವ ಗುರು?

“ಗುರು ಒಳಗ ಅದಾಳ,” ಎಂದರು ಅಡುಗೆಮನೆಯ ಕಡೆ ಗದ್ದ ಎತ್ತಿ. ಮೊದಲ ಮಗ ಹುಟ್ಟಿ ಐದಾರು ದಿನ ಆಗಿತ್ತಂತೆ. ಮುತ್ಯಾ ಎಲ್ಲೋ ಗೆದ್ದು ಬಂದು ಗಾಂಧಾರಿಯ ಪಾತಿವ್ರತ್ಯದ ಪದವನ್ನು ಮನೆಯಲ್ಲಿ ಜೋರಾಗಿ ಹಾಡುತ್ತ ಕೂತಿದ್ದರು. ಹಾಲು ಕುಡಿಸುತ್ತಿದ್ದ ಹೆಂಡತಿ ಕೋಣೆಯೊಳಗಿಂದಲೇ ಒಂದು ಮಾತು ಕೇಳಿದರಂತೆ: “ಹಡದಾಕಿ ಕೂಸಿನ ಮಾರಿ ನೋಡದs ಹ್ಯಾಂಗ ಇದ್ದಾಳು?” ಅಷ್ಟೇ. ಮುತ್ಯಾ ಪದ ನಿಲ್ಲಿಸಿದರು. ಆ ರಾತ್ರಿಯೇ ಹೊಸ ಪಲ್ಲ ಬರೆದರು.

ಮುತ್ಯಾನ ಹೆಂಡತಿ ಮೇಳದಲ್ಲಿ ಹಾಡಿದವರಲ್ಲ. ಗಂಡ ಜಾತ್ರೆಯಲ್ಲಿ ಹಾಡುವುದನ್ನು ದೂರದಿಂದ ಕೇಳಿದವರು. ಸೋತ ದಿನ ಏನಂದರು ಎಂದು ನಾನು ಕೇಳಲಿಲ್ಲ.

“ಒಮ್ಮೆ ಹಾಡ್ರಿ ಮುತ್ಯಾ,” ಎಂದೆ.

ಡಪ್ಪು ಗೂಟಕ್ಕೆ ತೂಗುಹಾಕಿತ್ತು, ಅದನ್ನು ಇಳಿಸಲಿಲ್ಲ. ವಹಿ ತೆರೆಯಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿಂದ ತಾಳ ಹಾಕಿ, ಸಣ್ಣ ದನಿಯಲ್ಲಿ ಪಲ್ಲ ಎತ್ತಿಕೊಂಡರು. ದನಿ ನಡುಗುತ್ತಿತ್ತು, ಆದರೆ ಏರಿಗೆ ಬಂದಾಗ ನಿಂತಿತು. ಸೂಲಗಿತ್ತಿ ಹೊರಗೆ ಹೋದಳು. ದೀಪ ಸಣ್ಣದಾಯಿತು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಗಾಂಧಾರಿ ಬಟ್ಟೆಯ ಗಂಟಿಗೆ ಕೈ ಹಾಕಿದಳು. ಮುತ್ಯಾ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ತಡೆದರು, ಆ ಸಂದಿಯಲ್ಲಿ ಅಡುಗೆಮನೆಯ ಒಲೆಯ ಮುಂದಿನಿಂದ, ಮೆಲ್ಲಗೆ, ತಾಳ ತಪ್ಪದೆ ಬಂತು: ಗೀಯ ಗೀಯ.